ಚಿತ್ರಮಂದಿರ ಕೆಡವುವ ಮುನ್ನ ಪ್ರೊಜೆಕ್ಟರ್ ಕೋಣೆ ತೆರೆದು ನೋಡಿ

ಮಾನ್ಯ ಸಂಪಾದಕರೆ,

ತಾಲ್ಲೂಕು ಕೇಂದ್ರಗಳ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಕಲ್ಯಾಣ ಮಂಟಪ, ಅಂಗಡಿ ಮಳಿಗೆಗಳಾಗುತ್ತಿವೆ. ಇದಕ್ಕೆ ಮಾಲೀಕರನ್ನು ದೂರಿ ಫಲವಿಲ್ಲ. ಪ್ರೇಕ್ಷಕರೇ ಬಾರದ ಹಾಲ್ ಅನ್ನು ಎಷ್ಟು ವರ್ಷ ಸಾಕಲಾದೀತು? ಸಂಕಟವಾಗುವುದು ಪ್ರೊಜೆಕ್ಟರ್ ಕೋಣೆಯ ಸಾಮಾನು, ಕಚೇರಿ ಬೀರುವಿನ ಕಾಗದಗಳೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿ ಸೇರುವುದನ್ನು ನೋಡಿದಾಗ. ಊರಿನ ಸಿನಿಮಾ ಚರಿತ್ರೆ ಉಳಿದಿರುವುದು ಅಲ್ಲಿ.

ಆ ಕೋಣೆಗೆ ದಪ್ಪ ಗೋಡೆ, ಕಿಂಡಿಗಳಿಗೆ ಕಬ್ಬಿಣದ ಶಟರ್ ಯಾಕೆ? 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಒಮ್ಮೆ ಹೊತ್ತಿದರೆ ನೀರಿಗೂ ಆರದು. ಎರಡು ಯಂತ್ರಗಳು ಯಾಕೆ? ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಎರಡು ರೀಲು ಸೇರಿಸಿ ಸುತ್ತಿದರೂ ಇಪ್ಪತ್ತೆರಡೇ ನಿಮಿಷ. ಪರದೆಯ ಬಲಮೂಲೆಯಲ್ಲಿ ಮೊದಲ ಚುಕ್ಕೆ ಮಿಂಚಿದಾಗ ಆಪರೇಟರ್ ಎರಡನೇ ಯಂತ್ರದ ಮೋಟಾರ್ ಹಾಕಬೇಕು, ಸುಮಾರು ಏಳು ಸೆಕೆಂಡಿನ ಬಳಿಕ ಇನ್ನೊಂದು ಚುಕ್ಕೆ ಬಂದೊಡನೆ ಬೆಳಕು ಬದಲಿಸಬೇಕು. ನಡುವೆ, ಉರಿದು ಬೆಳಕು ಕೊಡುವ ಎರಡು ಕಾರ್ಬನ್ ಕಡ್ಡಿಗಳ ಅಂತರವನ್ನೂ ಸರಿಪಡಿಸುತ್ತಿರಬೇಕು. ಕಡ್ಡಿ ಸವೆದು ಅಂತರ ಹೆಚ್ಚಾದರೆ ಪರದೆ ಮಂಕಾಗಿ ಗಾಂಧಿ ಕ್ಲಾಸಿನಿಂದ ಸಿಳ್ಳೆ ಏಳುತ್ತಿತ್ತು. ಒಂದೇ ಯಂತ್ರವಿದ್ದ ಟೆಂಟ್ ಸಿನಿಮಾಗಳಲ್ಲಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಕಡಲೆಕಾಯಿ, ಸೋಡಾ ಮಾರುವವರಿಗೆ ಅದೇ ವ್ಯಾಪಾರದ ಹೊತ್ತು.

ಸಾಮಾನು ಇಳಿಸುವವರು ಕೆಲವು ವಿಷಯ ತಿಳಿದಿರಲಿ. ಕಾರ್ಬನ್ ಕಡ್ಡಿಗಳ ಬದಲಿಗೆ ಬಂದ, ಅನಿಲ ತುಂಬಿದ ಕ್ಸೆನಾನ್ ಬಲ್ಬ್ ಆರಿ ವರ್ಷಗಳಾಗಿದ್ದರೂ ಅದರೊಳಗೆ ಒತ್ತಡ ಹಾಗೇ ಇರುತ್ತದೆ. ತಗುಲಿದರೆ ಸಿಡಿದು ಗಾಜು ಮುಖಕ್ಕೆ ಹಾರುತ್ತದೆ. ಮುಖಕವಚ, ದಪ್ಪ ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ವಿನೆಗರ್ ಹುಳಿ ವಾಸನೆಯ ರೀಲು ಕೆಡಲು ಶುರುವಾಗಿದೆ ಎಂದರ್ಥ. ಅದರ ಆವಿ ಪಕ್ಕದ ರೀಲನ್ನೂ ಕೆಡಿಸುವುದರಿಂದ ಬೇರೆಯಾಗಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಇನ್ನೂ ಬೇಗ ಹಾಳಾಗುತ್ತದೆ. ತೀರಾ ಹಳೆಯ ಫಿಲಂ ಡಬ್ಬಿ ಸಿಕ್ಕರೆ ಅದು ನೈಟ್ರೇಟ್ ಇರಬಹುದು, ಬೆಂಕಿಯಿಂದ ದೂರವಿಟ್ಟು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ವಿಚಾರಿಸುವುದು ಲೇಸು. ಪೋಸ್ಟರ್‌ಗಳಿಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ. ಅಂಟು ಕಾಗದದೊಳಗೆ ಇಳಿದರೆ ಬಿಡಿಸುವುದು ಬಹಳ ಕಷ್ಟ.

ಯಂತ್ರಕ್ಕಿಂತ ಕಾಗದವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ದಿನದ ಕಲೆಕ್ಷನ್ ರಿಪೋರ್ಟ್‌ನಲ್ಲಿ ಯಾವ ಚಿತ್ರ ಎಷ್ಟು ದಿನ ಓಡಿತು, ನೆಲ, ಬೆಂಚು, ಬಾಲ್ಕನಿಗಳಲ್ಲಿ ಎಷ್ಟೆಷ್ಟು ಟಿಕೆಟ್ ಹೋಯಿತು, ತೆರಿಗೆ ಎಷ್ಟು ಎಂಬುದೆಲ್ಲ ಇರುತ್ತದೆ. ಸಂತೆಯ ದಿನದ ಮ್ಯಾಟ್ನಿಗೂ ಉಳಿದ ದಿನದ ಮ್ಯಾಟ್ನಿಗೂ ಇದ್ದ ವ್ಯತ್ಯಾಸವನ್ನು ಬೇರೆ ಯಾವ ದಾಖಲೆಯೂ ಹೇಳದು.

ಮಾಲೀಕರ ಬಳಿ ಏನೂ ಉಳಿದಿಲ್ಲದಿದ್ದರೂ ಇನ್ನೊಂದು ದಾರಿಯಿದೆ. 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆಯಡಿ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ. ಕಟ್ಟಡದ ನಕ್ಷೆ, ಆಸನಗಳ ಸಂಖ್ಯೆ, ತಪಾಸಣಾ ವರದಿಗಳು ಜಿಲ್ಲಾಧಿಕಾರಿ ಕಚೇರಿಯ ಕಡತಗಳಲ್ಲಿ ಇರಬೇಕು. ಮುಚ್ಚಿದ ಚಿತ್ರಮಂದಿರಗಳ ಕಡತಗಳನ್ನು ವಿಲೇವಾರಿ ಮಾಡುವ ಮೊದಲು ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಆಯಾ ಊರಿನ ಗ್ರಂಥಾಲಯಕ್ಕೆ ಕೊಡುವಂತೆ ಜಿಲ್ಲಾಡಳಿತಗಳು ಆದೇಶಿಸಲಿ.

– ನಿವೃತ್ತ ಪ್ರೊಜೆಕ್ಟರ್ ಆಪರೇಟರ್, ಹಾಸನ ಜಿಲ್ಲೆ