ಡಿಸ್ಚಾರ್ಜ್‌ಗೆ ಮೊದಲು ಕೈಯಲ್ಲಿ ಮಾಡಿಸಿ ಕಲಿಸಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಅಡಿಕೆ ಕೊನೆ ತೆಗೆಯುವ ಕಾಲ ಬಂತೆಂದರೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತದೆ. 'ಹೆಚ್ಚಿನ ಚಿಕಿತ್ಸೆಗೆ ಕಳುಹಿಸಲಾಗಿದೆ' ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಮೂಳೆಯೊಳಗಿನ ನರಗಳ ಕಟ್ಟಾದ ಬೆನ್ನುಹುರಿಗೂ ಪೆಟ್ಟಾದರೆ ಅದರ ಕೆಳಗಿನ ಮೈಗೆ ಚಲನೆ, ಸ್ಪರ್ಶ ಇಲ್ಲವಾಗಬಹುದು, ಮಲಮೂತ್ರದ ಹಿಡಿತ ತಪ್ಪಬಹುದು. ಅಂಥವರ ನಿಜವಾದ ಆರೈಕೆ ಶುರುವಾಗುವುದು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ. ರಾಡು, ಸ್ಕ್ರೂ ಹಾಕಿ ಮೂಳೆಯನ್ನು ನಿಲ್ಲಿಸಬಹುದು. ಆದರೆ ಮುಂದೆ ಅವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ತರುವುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಇವೆರಡನ್ನೂ ಬಹುಮಟ್ಟಿಗೆ ತಡೆಯಬಹುದು. ತಡೆಯಬೇಕಾದವರು ನರ್ಸ್‌ಗಳು ಮತ್ತು ಮನೆಯವರು. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಅದು ತರಬೇತಿಯಾಗುವುದಿಲ್ಲ.

ಮೊದಲ ತಪ್ಪು ಬಿದ್ದ ಜಾಗದಲ್ಲೇ ಆಗುತ್ತದೆ. ಬಿದ್ದವರನ್ನು ನೀರು ಕುಡಿಸಲೆಂದು ಎತ್ತಿ ಕೂರಿಸುತ್ತಾರೆ, ಇಲ್ಲವೇ ಕೈಕಾಲು ಹಿಡಿದು ಜೀಪಿನ ಹಿಂಬದಿ ಸೀಟಿಗೆ ಹಾಕುತ್ತಾರೆ. ಮುರಿದ ಮೂಳೆ ಅಲುಗಿ, ಅರೆಬರೆ ಉಳಿದಿದ್ದ ಹುರಿಗೂ ಪೆಟ್ಟಾಗಬಹುದು. 108ಕ್ಕೆ ಕರೆ ಮಾಡಿ, ಅಲುಗಿಸದೆ ಕಾಯುವುದೇ ಸರಿ. ಸರಿಸಲೇಬೇಕಾದರೆ ಒಬ್ಬರು ತಲೆ, ಕುತ್ತಿಗೆ ಹಿಡಿದು ಎಣಿಸಬೇಕು. ಮೂವರು ಒಂದೇ ಪಕ್ಕದಲ್ಲಿ ಮಂಡಿಯೂರಿ ಅವರ ಎಣಿಕೆಗೆ ಸರಿಯಾಗಿ, ಮರದ ದಿಮ್ಮಿ ಉರುಳಿಸಿದಂತೆ, ದೇಹವನ್ನು ತಮ್ಮ ಕಡೆಗೆ ಹೊರಳಿಸಬೇಕು. ಐದನೆಯವರು ಹಲಗೆ ಒಳಗೆ ತಳ್ಳಬೇಕು. ಕಂಬಳಿ ಬೇಡ, ಅದು ನಡುವೆ ಜೋಲುತ್ತದೆ. ಆಸ್ಪತ್ರೆ ಮುಟ್ಟಿದ ಮೇಲೆ ಆ ಹಲಗೆಯನ್ನು ಬೇಗ ತೆಗೆಯುವುದು ಸಿಬ್ಬಂದಿಯ ಕೆಲಸ. ಸ್ಪರ್ಶ ತಿಳಿಯದ ಮೈ ಗಟ್ಟಿ ಹಲಗೆಯ ಮೇಲೆ ಗಂಟೆಗಟ್ಟಲೆ ಇದ್ದರೆ ಎಕ್ಸ್‌ರೇ ಕೋಣೆಯಲ್ಲೇ ಹುಣ್ಣಿಗೆ ಬುನಾದಿ ಬೀಳುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ಹೇಗೆಂಬುದು ಗೊತ್ತಿಲ್ಲ. ಪೂರ್ತಿ ಒಂದೇ ಮಗ್ಗುಲಿಗೆ ಹಾಕಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರವೆಲ್ಲ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಬೇಕು, ಮಂಡಿಗಳ ನಡುವೆ ಇನ್ನೊಂದು ದಿಂಬು, ಮೀನಖಂಡದ ಕೆಳಗೆ ಮತ್ತೊಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಎಳೆಯದೆ, ಎತ್ತಿ ಸರಿಸಬೇಕು. ಎಳೆದರೆ ಚರ್ಮದ ಒಳಪದರ ಹರಿಯುತ್ತದೆ. ದಿನಕ್ಕೆರಡು ಬಾರಿ ಬೆನ್ನಿನ ಕೆಳಭಾಗ, ಪೃಷ್ಠ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಅಂಗೈ ಹಿಂಬದಿ ಇಟ್ಟು ಬಿಸಿ, ಗಡಸು ಇದೆಯೇ ಎಂದು ನೋಡಬೇಕು. ಅಲ್ಲಿ ಉಜ್ಜುವುದು, ಸ್ಪಿರಿಟ್ ಸವರುವುದು ಬೇಡ. ನಡುವೆ ತೂತಿರುವ ರಬ್ಬರ್ ರಿಂಗ್ ಈಗಲೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದು ಸುತ್ತಲಿನ ರಕ್ತಸಂಚಾರ ತಡೆದು ಹುಣ್ಣನ್ನು ದೊಡ್ಡದು ಮಾಡುತ್ತದೆ.

ಮೂತ್ರದ ವಿಷಯದಲ್ಲಿ ನೀರು ಕಡಿಮೆ ಕುಡಿಸಿದರೆ ರಗಳೆಯಿಲ್ಲ ಎಂಬ ಭಾವನೆ ಬಹಳ ಮನೆಗಳಲ್ಲಿದೆ. ಅದು ಸೋಂಕು, ಕಲ್ಲುಗಳಿಗೆ ದಾರಿ. ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಕೆ ಹಾಕಿ ತೆಗೆಯುವ ವಿಧಾನವನ್ನು ರೋಗಿಗೇ, ಇಲ್ಲವೇ ಮನೆಯವರಿಗೆ ಕಲಿಸಬೇಕು. ಸೋಪಿನಿಂದ ಕೈ ತೊಳೆದು, ಜೆಲ್ ಹಚ್ಚಿ, ತಡೆ ಸಿಕ್ಕಲ್ಲಿ ತಳ್ಳದೆ ನಿಲ್ಲಿಸಿ, ಮೂತ್ರ ಬರತೊಡಗಿದ ಮೇಲೆ ಇನ್ನೆರಡು ಸೆಂ.ಮೀ. ಒಳಬಿಟ್ಟು ಪೂರ್ತಿ ಖಾಲಿ ಮಾಡಬೇಕು. ಅಳತೆಯ ಲೋಟದಲ್ಲಿ ಒಮ್ಮೆಗೆ 500 ಮಿ.ಲೀ.ಗಿಂತ ಹೆಚ್ಚು ಬಂದರೆ ಅಂತರ ಕಡಿಮೆ ಮಾಡಬೇಕು. ಒಳಗೇ ಇರುವ ನಳಿಕೆ ಹಾಕುವ ನರ್ಸ್‌ಗಳಿಗೆ ಒಂದು ಮಾತು: ಮೂತ್ರ ಹರಿಯುವುದನ್ನು ಕಾಣದೆ, ನಳಿಕೆಯನ್ನು ಒಳಗೆ ಹಿಡಿದಿಡುವ ಬಲೂನಿಗೆ ನೀರು ತುಂಬಬೇಡಿ. ಮೂತ್ರನಾಳದೊಳಗೇ ಅದು ಉಬ್ಬಿದರೆ ನಾಳ ಹರಿದು ರಕ್ತ ಸುರಿಯುತ್ತದೆ; ರೋಗಿಗೆ ನೋವು ತಿಳಿಯದ ಕಾರಣ ಅವರು ಕೂಗುವುದೂ ಇಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಕಣ್ತಪ್ಪಿ ಹೋಗುವ ಅಪಾಯ ಇನ್ನೊಂದು. ಬೆನ್ನುಮೂಳೆಯ ಎದೆಮಟ್ಟದ ಆರನೇ ಕಶೇರುಕ, ಅಂದರೆ ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದಾಗ, ಮಲ ಕಟ್ಟಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ಸಾಮಾನ್ಯವಾಗಿ ನಾಡಿ ನಿಧಾನವಾಗುತ್ತದೆ. ಇವರ ಮಾಮೂಲಿ ಒತ್ತಡದ ಮೇಲಿನ ಅಂಕಿಯೇ 90-100ರ ಆಸುಪಾಸಿನಲ್ಲಿರುವುದರಿಂದ ಯಂತ್ರದಲ್ಲಿ 135 ಕಂಡರೂ ಅಪಾಯವೇ. ಕರ್ತವ್ಯದಲ್ಲಿರುವವರಿಗೆ ಅದು 'ನಾರ್ಮಲ್' ಎನಿಸುತ್ತದೆ. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಮಲಗಿಸಲೇಬಾರದು! ಕೂರಿಸಿ, ಕಾಲು ಇಳಿಬಿಟ್ಟು, ಬೆಲ್ಟ್, ಬಟ್ಟೆ ಸಡಿಲಿಸಿ, ನಳಿಕೆ ಮಡಚಿದೆಯೇ, ಕಟ್ಟಿದೆಯೇ ನೋಡಬೇಕು. ನಳಿಕೆ ಇಲ್ಲದಿದ್ದರೆ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ ಹಚ್ಚಿ ಕೂಡಲೇ ಹಾಕಬೇಕು. ಅದರಿಂದಲೂ ಇಳಿಯದಿದ್ದರೆ ಗುದದ್ವಾರಕ್ಕೂ ಅದೇ ಜೆಲ್ ಹಾಕಿ, ಕೆಲವು ನಿಮಿಷ ಕಾದು, ಮಲ ಪರೀಕ್ಷಿಸಿ ತೆಗೆಯಬೇಕು. ಐದು ನಿಮಿಷಕ್ಕೊಮ್ಮೆ ಬಿ.ಪಿ. ನೋಡುತ್ತಿರಬೇಕು. ಕಾರಣ ಹುಡುಕುವ ಹೊತ್ತಿನಲ್ಲೇ ಅದು 150 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರು ಔಷಧ ಕೊಡುತ್ತಾರೆ. ತಡವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಅಂತರರಾಷ್ಟ್ರೀಯ ಬೆನ್ನುಹುರಿ ಸಂಘ 2012ರಲ್ಲೇ ವೈದ್ಯರು, ನರ್ಸ್, ಫಿಸಿಯೋಥೆರಪಿಸ್ಟರಿಗಾಗಿ ಅಂತರ್ಜಾಲದಲ್ಲಿ ಪಾಠಗಳನ್ನು ಇಟ್ಟಿದೆ. ಓದುವವರಿಗೆ ಅನುಕೂಲವೇ. ಆದರೆ ನಳಿಕೆ ಹಿಡಿಯುವ ಕೈಗೆ ಪರದೆಯಿಂದ ಅಭ್ಯಾಸ ಬರುವುದಿಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಕನಿಷ್ಠ ಇಬ್ಬರು ನರ್ಸ್‌ಗಳನ್ನು ಆರೋಗ್ಯ ಇಲಾಖೆ ಇದಕ್ಕಾಗಿ ತಯಾರು ಮಾಡಲಿ, ಅವರನ್ನು ವರ್ಷಕ್ಕೊಂದು ವಾರ್ಡಿಗೆ ಎತ್ತಂಗಡಿ ಮಾಡದಿರಲಿ. ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡವರನ್ನೇ ತರಬೇತುದಾರರಾಗಿ ಗೌರವಧನ ಕೊಟ್ಟು ಕರೆಯಲಿ. ಕುಶನ್ನಿನ ಮೇಲೆ ಕೂತಲ್ಲೇ ಪೃಷ್ಠದ ಮೇಲಿನ ಭಾರವನ್ನು ಆಗಾಗ ಹಗುರ ಮಾಡಿಕೊಳ್ಳುವುದನ್ನು ಅವರಷ್ಟು ಚೆನ್ನಾಗಿ ಬೇರೆಯವರು ತೋರಿಸಲಾರರು. ಮಗ್ಗುಲು ಬದಲಿಸುವುದು, ಚರ್ಮ ನೋಡುವುದು, ನಳಿಕೆ ಹಾಕುವುದು, ಹೊತ್ತಿಗೆ ಸರಿಯಾಗಿ ಮಲ ತೆಗೆಸುವುದು, ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದು: ಇವನ್ನು ಮನೆಯವರು ನರ್ಸ್ ಎದುರು ತಾವೇ ಮಾಡಿ ತೋರಿಸುವವರೆಗೆ ಡಿಸ್ಚಾರ್ಜ್ ಬರೆಯಬಾರದು. ಕಲಿಯುವವರು ಮನೆಯಿಂದ ಇಬ್ಬರಿರಲಿ. ಈಗ ಹೊರೆಯೆಲ್ಲ ಹೆಂಡತಿ ಅಥವಾ ತಾಯಿಯ ಮೇಲೆ ಬೀಳುತ್ತಿದೆ, ಅವರಿಗೆ ಜ್ವರ ಬಂದ ದಿನ ನಳಿಕೆ ಹಾಕಲು ಮನೆಯಲ್ಲಿ ಇನ್ನೊಂದು ಕೈ ಇರುವುದಿಲ್ಲ.

— ಬೆನ್ನುಹುರಿ ಪುನರ್ವಸತಿಯಲ್ಲಿ ದುಡಿಯುವ ನರ್ಸ್‌ಗಳು ಮತ್ತು ಫಿಸಿಯೋಥೆರಪಿಸ್ಟರು, ಶಿವಮೊಗ್ಗ