ನಿಮ್ಮ ಫೋಟೊ ಮೇಲೆ ಕಾಲಿಟ್ಟಿದ್ದಕ್ಕೆ ಕ್ಷಮಿಸಿ, ಆದರೆ ವಾರ್ಡ್ ಸಮಿತಿ ಸಭೆ ಕರೆಯಿರಿ: ನಮ್ಮ ಕಾರ್ಪೊರೇಟರ್‌ಗೆ ಬಹಿರಂಗ ಪತ್ರ

ನಮ್ಮ ವಾರ್ಡಿನ ಕಾರ್ಪೊರೇಟರ್ ಅವರಿಗೆ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತು. ಹಿಟ್ಟಿನ ಗಿರಣಿಯ ಅಕ್ಕ. ನೀವು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಿಮ್ಮ ತಾಯಿ ಡಬ್ಬಿ ತುಂಬ ಜೋಳ ಕೊಟ್ಟು ಕಳಿಸುತ್ತಿದ್ದರು. ಬೀಸಿ ಮುಗಿಯುವವರೆಗೂ ನಿಂತಿದ್ದು, ಬಿಸಿ ಹಿಟ್ಟಿನ ಡಬ್ಬಿಯನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಿದ್ದಿರಿ. ಆಗಲೂ "ಅಕ್ಕಾ" ಅನ್ನುತ್ತಿದ್ದಿರಿ, ಈಗಲೂ ಹಾಗೇ ಕರೆಯುತ್ತೀರಿ. ಆ ದಾಕ್ಷಿಣ್ಯಕ್ಕೇ ಮೂರು ವರ್ಷ ಬರೀ ಅರ್ಜಿ ಕೊಟ್ಟು ಸುಮ್ಮನಿದ್ದೆ.

ವಿಷಯ ಹಳೆಯದೇ. ಗಿರಣಿ ಮುಂದಿನ ಚರಂಡಿ. ಮೂರು ಚಪ್ಪಡಿ ಇಲ್ಲ. ಒಂದನ್ನು ನೀರಿನ ಪೈಪ್ ಹಾಕುವಾಗ ಎತ್ತಿ ಒಡೆದರು. ಇನ್ನೊಂದು ಜೆಸಿಬಿ ಚಕ್ರಕ್ಕೆ ಸಿಕ್ಕಿ ಹೋಯಿತು. ಮೂರನೆಯದು ಒಂದು ಬೆಳಿಗ್ಗೆ ಎದ್ದು ನೋಡಿದರೆ ಇರಲೇ ಇಲ್ಲ. ಅದು ಈಗ ಯಾರ ಮನೆಯ ಬಟ್ಟೆ ಒಗೆಯೋ ಕಲ್ಲಾಗಿದೆಯೋ ದೇವರಿಗೇ ಗೊತ್ತು. ನಾನು ಹಲಗೆ ಹಾಕಿದೆ. ಮಳೆಗೆ ಕೊಳೆಯಿತು. ಮತ್ತೆ ಹಾಕಿದೆ. ಈಗಿರೋದು ನಾಲ್ಕನೆಯದು.

ಜೋರು ಮಳೆ ಬಂದರೆ ಚರಂಡಿ ಉಕ್ಕಿ ನೀರು ಹೊಸ್ತಿಲು ದಾಟಿ ಮೋಟಾರಿನ ಬುಡಕ್ಕೆ ಬರುತ್ತದೆ. ಎರಡು ಸಲ ಮೋಟಾರು ಸುಟ್ಟಿದೆ. ರೀವೈಂಡಿಂಗ್‌ಗೆ ಕೊಟ್ಟರೆ ನಾಲ್ಕು ದಿನ ಗಿರಣಿ ಬಂದ್. ನಾಲ್ಕು ದಿನ ಬಂದ್ ಅಂದರೆ ಗಿರಾಕಿ ಬೇರೆ ದಾರಿ ನೋಡಿಕೊಳ್ಳುತ್ತಾರೆ, ಹೋದವರು ವಾಪಸ್ ಬರೋದು ಕಡಿಮೆ. ಹಿಟ್ಟಿಗೆ ವಾಸನೆ ಹಿಡಿಯುತ್ತೆ ಅಂತ ಮದುವೆ ಮನೆಯವರು ಕಡಲೆಬೇಳೆ ಬೀಸಿಸೋದನ್ನೂ ಬಿಟ್ಟರು. ಇದನ್ನೆಲ್ಲ ಅರ್ಜಿಯಲ್ಲಿ ಬರೆದಿದ್ದೆ. ಅರ್ಜಿಗಳ ಮೇಲೆ ಸೀಲ್ ಬಿದ್ದಿದೆ. ಐದು ಸೀಲ್ ಇವೆ ನನ್ನ ಹತ್ತಿರ.

ಈಗ ಕಳೆದ ವರ್ಷದ ನಿಮ್ಮ ಹುಟ್ಟುಹಬ್ಬದ ಮಾತು. ನಿಮಗೆ ಮುಜುಗರ ಆಗಬಹುದು, ಆದರೂ ಹೇಳುತ್ತೇನೆ. ನಿಮ್ಮ ಹುಡುಗರು ಗಿರಣಿ ಪಕ್ಕದ ಕಂಬಕ್ಕೆ ಫ್ಲೆಕ್ಸ್ ಕಟ್ಟಿದ್ದರು. "ಅಭಿವೃದ್ಧಿಯ ಹರಿಕಾರ" ಅಂತ ಕೆಂಪಕ್ಷರ, ಕೆಳಗೆ ಕೈ ಮುಗಿದು ನಗುತ್ತಿರುವ ನೀವು. ಎರಡು ದಿನಕ್ಕೆ ಗಾಳಿಗೆ ಬಿತ್ತು. ಯಾರೋ ಪುಣ್ಯಾತ್ಮರು ಅದನ್ನು ಚೌಕಟ್ಟಿನ ಸಮೇತ ಎಳೆದು ಚರಂಡಿ ಬಾಯಿಗೆ ಮುಚ್ಚಿದರು. ವಾಸನೆ ತಡೆಯಲಿ ಅಂತಲೋ ಏನೋ. ನೋಡೋಕೆ ನೆಲ ಥರಾನೇ ಕಾಣುತ್ತಿತ್ತು. ನೀವು ಆಕಾಶ ನೋಡಿಕೊಂಡು ನಗುತ್ತಾ ಮಲಗಿದ್ದಿರಿ.

ಸಂಜೆ ಏಳೂವರೆ. ಬೀದಿ ದೀಪ ಉರಿಯುತ್ತಿರಲಿಲ್ಲ, ಅದು ಬೇರೆಯದೇ ಕಥೆ. ನಮ್ಮ ಖಾಯಂ ಗಿರಾಕಿ ಒಬ್ಬ ಹೆಂಗಸು ಐದು ಕೆಜಿ ಜೋಳದ ಹಿಟ್ಟು ಸೊಂಟಕ್ಕೆ ಇಟ್ಟುಕೊಂಡು ಇಳಿದರು. ಸರಿಯಾಗಿ ನಿಮ್ಮ ಹಣೆಯ ಮೇಲೆ ಕಾಲಿಟ್ಟರು. ಫ್ಲೆಕ್ಸ್ ಹರಿಯಿತು, ಕಾಲು ತೊಡೆಯವರೆಗೆ ಒಳಗೆ. ನಾನೂ ನನ್ನ ಮಗಳೂ ಮೇಲೆಳೆಯುವಾಗ ಅವರ ಒಂದು ಕೈ ನನ್ನ ಹೆಗಲ ಮೇಲಿತ್ತು, ಇನ್ನೊಂದು ಕೈ ಆಗಲೂ ಡಬ್ಬಿ ಹುಡುಕುತ್ತಿತ್ತು. ಹಿಟ್ಟು ನೀರಲ್ಲಿ ಬೆಳ್ಳಗೆ ಹರಿದು ಹೋಯಿತು. ಕಾಲಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ನಾಲ್ಕು ಮನೆಗೆ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವವರು. ಆರು ವಾರ ರೊಟ್ಟಿ ಇಲ್ಲ, ದುಡ್ಡೂ ಇಲ್ಲ.

ನೀವು ಮರುದಿನ ಎಳನೀರು ತಗೊಂಡು ನೋಡೋಕೆ ಬಂದಿರಿ. ಇಲ್ಲ ಅನ್ನಲ್ಲ. ಫೋಟೊನೂ ತೆಗೆಸಿಕೊಂಡಿರಿ. ಹರಿದ ಫ್ಲೆಕ್ಸ್ ಜಾಗಕ್ಕೆ ಹೊಸ ಫ್ಲೆಕ್ಸ್ ನಾಲ್ಕನೇ ದಿನಕ್ಕೆ ಬಂತು. ಚಪ್ಪಡಿ ಇನ್ನೂ ಬಂದಿಲ್ಲ.

ಇಷ್ಟಾದರೂ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ನೀವು ಗಿರಣಿ ಮುಂದೆ ಗಾಡಿ ನಿಲ್ಲಿಸಿ ಒಂದು ಮಾತು ಹೇಳಿದಿರಿ, ನೆನಪಿದೆಯಾ? "ಅಕ್ಕಾ, ಪಾಲಿಕೆ ಬಜೆಟ್ ಅಂದ್ರೆ ನಿಮ್ಮ ಗಿರಣಿ ಲೆಕ್ಕ ಅಲ್ಲ. ಅನುದಾನ ಮೇಲಿಂದ ಬರಬೇಕು. ಕಾರ್ಪೊರೇಟರ್ ಕೈಯಲ್ಲಿ ಏನೂ ಇಲ್ಲ." ಅಷ್ಟು ಹೇಳಿ, ಹಲಗೆ ಅಲ್ಲಾಡುತ್ತೆ ಅಂತ ಗೊತ್ತಿರೋದಕ್ಕೆ ಉದ್ದಕ್ಕೆ ಹೆಜ್ಜೆ ಹಾಕಿ ದಾಟಿಕೊಂಡು ಹೋದಿರಿ.

ಗಿರಣಿ ಲೆಕ್ಕ ಅಂದರೆ ಒಂದು ಡೈರಿ, ಸಾಹೇಬ್ರೇ. ಒಂದು ಕಡೆ ಬಂದದ್ದು, ಇನ್ನೊಂದು ಕಡೆ ಹೋದದ್ದು, ಹಿಂದಿನ ಪುಟದಲ್ಲಿ ಉದ್ರಿ. ಕೇಳಿದವರಿಗೆ ತೆಗೆದು ತೋರಿಸುತ್ತೇನೆ. ನಿಮ್ಮ ಲೆಕ್ಕ ದೊಡ್ಡದು, ಒಪ್ಪಿದೆ. ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿ ಅಧ್ಯಕ್ಷರು ಸೂಟ್‌ಕೇಸ್ ಹಿಡಿದು ಫೋಟೊಗೆ ನಿಲ್ಲುತ್ತಾರೆ. ಮರುದಿನ ಪೇಪರಲ್ಲಿ "ಉಳಿತಾಯ ಬಜೆಟ್" ಅಂತ ಬರುತ್ತದೆ. ಪ್ರತಿ ವರ್ಷ ಉಳಿತಾಯ! ಅಷ್ಟೊಂದು ಉಳಿದಿದ್ದರೆ ಮೂರು ಚಪ್ಪಡಿಗೆ ಯಾಕೆ ಗತಿ ಇಲ್ಲ?

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ನನ್ನ ಮಗಳು ಎಫ್‌ಡಿಎ, ಅಂದರೆ ಸರ್ಕಾರಿ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿದ್ದಾಳೆ. ಬೆಲ್ಟಿನ ಸದ್ದಿಗಿಂತ ಜೋರಾಗಿ ಓದುತ್ತಾಳೆ, ಹಾಗಾಗಿ ನನಗೂ ಬಾಯಿಪಾಠ. ಊರಿನ ಆಡಳಿತಕ್ಕೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1. ಅದರಿಂದ ಸೇರಿದ ಹನ್ನೆರಡನೇ ಅನುಸೂಚಿ ಅನ್ನೋ ಪಟ್ಟಿಯಲ್ಲಿ ಊರಿನ ಆಡಳಿತಕ್ಕೆ ಕೊಡಬಹುದಾದ ಕೆಲಸ 18. ಕೊಡಬಹುದು ಅಂತಿದೆ, ಕೊಡಲೇಬೇಕು ಅಂತಿಲ್ಲ. ಅಲ್ಲೇ ನಿಮ್ಮ ಕೈ ಕಟ್ಟಿದ್ದಾರೆ, ಒಪ್ಪುತ್ತೇನೆ. 15ನೇ ಹಣಕಾಸು ಆಯೋಗ ಹೇಳಿದಂತೆ ಕೇಂದ್ರದಿಂದ ಬರುವ ಹಣದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಇಡಬೇಕು ಅಂದರು. ರಾಜ್ಯದ ಅನುದಾನದಲ್ಲಿ ಸಂಬಳ, ಕರೆಂಟ್ ಬಿಲ್ ಅಂತ ಮೊದಲೇ ಹಂಚಿ ಕಳಿಸುತ್ತಾರೆ. ಪಾಲಿಕೆ ಹಣದಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಅದಕ್ಕಂತೂ ಯಾರೂ ಕೈ ಹಾಕಬಾರದು. ಮೇಯರ್ ಬೇರೆ ವರ್ಷಕ್ಕೊಬ್ಬರು. ಕುರ್ಚಿ ಬಿಸಿಯಾಗುವಷ್ಟರಲ್ಲಿ ಎದ್ದೇಳಬೇಕು.

ಸರಿ. ಆದರೆ ಆಸ್ತಿ ತೆರಿಗೆ ಮೇಲಿಂದ ಬಂದದ್ದಾ? ಅದು ಹೋದದ್ದು ನನ್ನ ಗಲ್ಲಾಪೆಟ್ಟಿಗೆಯಿಂದ. ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, ಶೇ. 5 ರಿಯಾಯಿತಿ ಸಿಗುತ್ತೆ ಅಂತ. ನೂರು ರೂಪಾಯಿ ತೆರಿಗೆಯ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಗ್ರಂಥಾಲಯದ್ದೂ ಭಿಕ್ಷುಕರದ್ದೂ ಬೇರೆ ಕಡೆ ಹೋಗುತ್ತೆ, ಗೊತ್ತು. ಕಟ್ಟೋದಂತೂ ನಾನೇ. ಒಂದು ವರ್ಷ ಮೋಟಾರು ಸುಟ್ಟ ಖರ್ಚಿನಲ್ಲಿ ತೆರಿಗೆ ತಡವಾಯಿತು. ತಿಂಗಳಿಗೆ ಶೇ. 2 ದಂಡ ಹಾಕಿದರು. ಮೋಟಾರು ಸುಟ್ಟದ್ದು ಪಾಲಿಕೆಯ ಚರಂಡಿ ನೀರಿಗೆ, ದಂಡ ಕಟ್ಟಿದ್ದು ನಾನು! ಇರಲಿ, ಅದೇ ಲೆಕ್ಕ ನಿಮಗೂ ಹಾಕೋಣ. ಚಪ್ಪಡಿ 36 ತಿಂಗಳು ತಡ. ಶೇ. 72. ಯಾರ ಹತ್ತಿರ ವಸೂಲಿ ಮಾಡಲಿ, ನೀವೇ ಹೇಳಿ.

ನಾನು ಕೇಳುತ್ತಿರೋದು ದುಡ್ಡನ್ನೂ ಅಲ್ಲ. ವಾರ್ಡ್ ಸಮಿತಿ ಸಭೆ ಕರೆಯಿರಿ. ಮೂರು ಲಕ್ಷ ಜನ ದಾಟಿದ ಊರಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದಲ್ಲೇ ಇದೆ. 2011ರಲ್ಲಿ ನಮ್ಮ ರಾಜ್ಯದ ಪಾಲಿಕೆ ಕಾಯ್ದೆಗೂ ಅದನ್ನು ವಿವರವಾಗಿ ಸೇರಿಸಿದರು. ಹತ್ತು ಜನ ಸದಸ್ಯರು, ಅವರಲ್ಲಿ ಮೂವರು ಹೆಂಗಸರು, ತಿಂಗಳಿಗೊಂದು ಸಭೆ, ಅಧ್ಯಕ್ಷರು ನೀವೇ. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾ? ನಿಮಗೆ ಗೊತ್ತಿದೆ. ಗೊತ್ತಿದ್ದೂ ಒಂದು ಸಭೆ ಆಗಿಲ್ಲ. ಆ ಹತ್ತು ಜನ ಯಾರು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ವಿಚಾರಿಸಿದೆ. ಒಬ್ಬರು ತಮ್ಮ ಹೆಸರು ಪಟ್ಟಿಯಲ್ಲಿ ಇದೆ ಅಂತ ನನ್ನಿಂದಲೇ ಕೇಳಿ ತಿಳಿದುಕೊಂಡರು.

ಸಭೆ ಕರೆಯೋಕೆ ಯಾವ ಅನುದಾನ ಬರಬೇಕು? ಯಾವ ಆಯೋಗ ತಡೆದಿದೆ? ನಮ್ಮ ವಾರ್ಡಿನಿಂದ ಎಷ್ಟು ತೆರಿಗೆ ಹೋಯಿತು, ವಾರ್ಡಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಬಿಲ್ ಆಯಿತು, ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಓದಿ ಹೇಳಿ. ಚಪ್ಪಡಿಗೆ ದುಡ್ಡಿಲ್ಲ ಅಂತಾದರೆ ಇಲ್ಲ ಅಂತ ಹತ್ತು ಜನರ ಮುಂದೆ ಹೇಳಿ. ಗಾಡಿ ಮೇಲೆ ಕೂತು ನನ್ನೊಬ್ಬಳಿಗೆ ಹೇಳಬೇಡಿ.

ಬೆಂಗಳೂರಿನವರ ಪಾಡು ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವರಿಗೆ ಕಾರ್ಪೊರೇಟರ್ರೇ ಇರಲಿಲ್ಲ, ಬಜೆಟ್ಟನ್ನು ಅಧಿಕಾರಿಗಳೇ ಮಂಡಿಸಿದರು. ನಮಗೆ ಹಾಗಲ್ಲ, ನೀವಿದ್ದೀರಿ. ಇದ್ದೀರಿ ಅಲ್ವಾ?

ಸಭೆ ಕರೆಯಿರಿ. ಭಾನುವಾರ ಮಧ್ಯಾಹ್ನದ ಮೇಲೆ ಗಿರಣಿ ರಜೆ, ಜಾಗ ಅಲ್ಲೇ ಇದೆ. ಮೈಮೇಲೆ ಸ್ವಲ್ಪ ಹಿಟ್ಟು ಹತ್ತುತ್ತೆ ಅಷ್ಟೆ. ಕುರ್ಚಿ, ಚಹಾ ನಾನು ನೋಡಿಕೊಳ್ಳುತ್ತೇನೆ. ಪ್ಲಾಸ್ಟರ್ ಬಿಚ್ಚಿಸಿಕೊಂಡವರನ್ನೂ ಕರೆದಿದ್ದೇನೆ. ಬರುವಾಗ ಎಡಗಡೆಯಿಂದ ಬನ್ನಿ. ಬಲಗಡೆ ಹಲಗೆ ಈ ಸಲದ ಮಳೆಗೆ ಮೆತ್ತಗಾಗಿದೆ.

ಇಂತಿ,
ಹಿಟ್ಟಿನ ಗಿರಣಿಯ ಅಕ್ಕ