ಆ ರಿಪೋರ್ಟಿನ ಬಗ್ಗೆ ನಾಲ್ಕು ಮಾತು

ಪ್ರೀತಿಯ ಮಗೂ,

ನೀನು ಕಳಿಸಿದ ವೀರ್ಯ ಪರೀಕ್ಷೆಯ ರಿಪೋರ್ಟ್ ನೋಡಿದೆ. ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಗೆರೆ ಇರುವುದು 1 ಕೋಟಿ 60 ಲಕ್ಷಕ್ಕೆ. ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಅದು ಪಾಸು-ಫೇಲಿನ ಗೆರೆಯಲ್ಲ. ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರನ್ನೇ ಪರೀಕ್ಷಿಸಿ ಎಳೆದದ್ದು. ಅವರಲ್ಲೂ ನೂರಕ್ಕೆ ಐದು ಜನ ಅದರ ಕೆಳಗೇ ಇದ್ದರು.

ಮೂವತ್ತು ವರ್ಷ ಲ್ಯಾಬಿನಲ್ಲಿ, ಗಾಜಿನ ಮೇಲಿನ ಸಣ್ಣ ಚೌಕಗಳಲ್ಲಿ ಇದನ್ನೇ ಎಣಿಸಿದವನು ನಾನು. ಹಾಗಾಗಿ ಕೇಳುತ್ತೇನೆ, ನಾಚಿಕೊಳ್ಳಬೇಡ. ಸ್ಯಾಂಪಲ್ ಕೊಡುವಾಗ ಮೊದಲ ಹನಿಗಳು ಚೆಲ್ಲಿದ್ದವಾ? ವೀರ್ಯಾಣು ಜಾಸ್ತಿ ಇರುವುದೇ ಅದರಲ್ಲಿ. ಇದನ್ನು ಕೇಳದೆ ಸಹಿ ಹಾಕಿ ಕೊಟ್ಟ ರಿಪೋರ್ಟ್ ನನ್ನದೂ ಒಂದಿದೆ. ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಇನ್ನು ಇದಕ್ಕೆಲ್ಲ ಅದೇ ಕಾರಣವೇನೋ ಅಂತ ರಾತ್ರಿಯೆಲ್ಲ ಕೂತು ಓದಿದೆಯಲ್ಲ, ಆ ಮೀಥೈಲೇಶನ್. ಡಿಎನ್‌ಎಯ ಅಕ್ಷರ ಬದಲಾಗುವುದಿಲ್ಲ. ಸೈಟೊಸಿನ್ ಅನ್ನೋ ಅಕ್ಷರದ ಮೇಲೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಮೀಥೈಲ್ ಎಂಬ ಪುಟ್ಟ ಗುಂಪು ಗುರುತಿನ ಹಾಗೆ ಬಂದು ಕೂರುತ್ತದೆ. ಜೀನ್ ಶುರುವಾಗುವ ಕಡೆ ಕೂತರೆ ಆ ಜೀನ್ ಸಾಮಾನ್ಯವಾಗಿ ಬಾಯಿ ಮುಚ್ಚುತ್ತದೆ. ವೀರ್ಯಾಣುವಿನಲ್ಲಿ ಎಚ್19 ಎಂಬ ಕಡೆ ಈ ಗುರುತು ಇರಬೇಕು, ಮೆಸ್ಟ್ ಎಂಬ ಕಡೆ ಇರಬಾರದು. ಎಣಿಕೆ ಕಡಿಮೆ ಇರುವ ಕೆಲವು ಗಂಡಸರಲ್ಲಿ ಇದು ತಿರುವುಮುರುವಾಗಿರುವುದು ಕಂಡಿದೆ. ಒಂದರಿಂದ ಇನ್ನೊಂದಾಯಿತು ಅನ್ನೋದಕ್ಕೆ ಅಷ್ಟೇ ಸಾಲದು. ಅದಕ್ಕೆ ಈಗ ನಿನ್ನನ್ನು ನೀನೇ ಬೈದುಕೊಂಡು ಏನು ಬಂತು? ದುಬಾರಿ ಮೀಥೈಲೇಶನ್ ಪರೀಕ್ಷೆ ಸದ್ಯಕ್ಕೆ ಬೇಡ. ಫಲಿತಾಂಶ ಏನೇ ಬಂದರೂ ಅದನ್ನು ಸರಿಮಾಡುವ ಔಷಧಿ ಇಲ್ಲ.

ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದ್ದೀಯಂತೆ. ಮೀಥೈಲ್ ಗುಂಪು ತಯಾರಾಗಲು ಆ ಮಾತ್ರೆಯಿಂದ ಸಿಗುವ ಫೋಲೇಟ್ ಎಂಬ ವಿಟಮಿನ್ ಬೇಕು, ನಿಜ. ಅದಕ್ಕೇ ಅಮೆರಿಕದಲ್ಲಿ 2,370 ಗಂಡಸರಿಗೆ ಆರು ತಿಂಗಳು ಫೋಲಿಕ್ ಆಸಿಡ್ ಮತ್ತು ಜಿಂಕ್, ಇಲ್ಲವೇ ಖಾಲಿ ಮಾತ್ರೆ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟಿದ್ದು ಔಷಧಿ ನುಂಗಿದವರಲ್ಲಿ ನೂರಕ್ಕೆ 34 ಜನರಿಗೆ, ಖಾಲಿ ಮಾತ್ರೆಯವರಲ್ಲಿ 35 ಜನರಿಗೆ. ನಿನ್ನ ಹೆಂಡತಿ ತಗೊಳ್ಳೋದು ಬೇರೆ ಲೆಕ್ಕ, ಅದು ಮಗುವಿನ ಬೆನ್ನುಹುರಿಗೆ. ಅವಳು ನಿಲ್ಲಿಸಬಾರದು.

ಸಿಗರೇಟು ಮಾತ್ರ ಇವತ್ತೇ ಬಿಡು. ಸೇದುವವರ ವೀರ್ಯಾಣುವಿನಲ್ಲಿ ಈ ಮೀಥೈಲ್ ಗುರುತುಗಳು ಬೇರೆ ಥರ ಇರುವುದು ಕಂಡಿದೆ. ಜಿಮ್ಮಿನಲ್ಲಿ ಯಾರಾದರೂ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಹೇಳಿದರೆ ಹತ್ತಿರವೂ ಹೋಗಬೇಡ. ಹೊರಗಿನಿಂದ ಹಾರ್ಮೋನು ಬಂದರೆ ಒಳಗೆ ವೀರ್ಯಾಣು ತಯಾರಿಯೇ ನಿಲ್ಲುತ್ತದೆ. ಯೂರಾಲಜಿಸ್ಟ್ ಹತ್ತಿರ ಹೋಗಿ ವೆರಿಕೋಸೀಲ್, ಅಂದರೆ ವೃಷಣದ ಚೀಲದಲ್ಲಿ ಊದಿಕೊಂಡ ರಕ್ತನಾಳ, ಇದೆಯಾ ನೋಡಿಸು. ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡುತ್ತಾರೆ, ಅಷ್ಟೇ.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಬರಲು ಇನ್ನಷ್ಟು ದಿನ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸು. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ತಡೆದಿರಬೇಕು.

ಈ ರಿಪೋರ್ಟನ್ನು ಹೆಂಡತಿಗೆ ತೋರಿಸಿದೆಯಾ? ನನಗೆ ಮೊದಲು ಕಳಿಸಿದ್ದು ಸರಿಯಲ್ಲ. ತಾನೇ ಕಾರಣ ಅಂದುಕೊಂಡು ಅವಳು ಎಷ್ಟು ಸಲ ಸೂಜಿ ಚುಚ್ಚಿಸಿಕೊಂಡಿದ್ದಾಳೋ. ಇವತ್ತು ರಾತ್ರಿಯೇ ತೋರಿಸು.

ನಿನ್ನ ಚಿಕ್ಕಪ್ಪ